ಮೇಸ್ತ್ರಿ ಕೊಟ್ಟ ಮಾಣಿಕ್ಯ

ಸಾಣೆ ಚಕ್ರದ ಕಾರ್ಖಾನೆಯಲ್ಲಿ ಎಲ್ಲರಿಗೂ ಅವರು ಠಣ್ ಮೇಸ್ತ್ರಿ. ಮೂವತ್ತು ವರ್ಷ ಮಾಡಿದ್ದು ಒಂದೇ ಕೆಲಸ: ಕುಲುಮೆಯಲ್ಲಿ ಸುಟ್ಟು ಬಂದ ಚಕ್ರವನ್ನು ಮರದ ಸುತ್ತಿಗೆಯಿಂದ ತಟ್ಟುವುದು. ಠಣ್ ಎಂದರೆ ಪಾಸು, ದಬ್ ಎಂದರೆ ಒಳಗೆ ಬಿರುಕು. ಚಾಳಿ ಮನೆಗೂ ಅಂಟಿ, ಅಳಿಯನಾಗಲು ಬಂದ ಹುಡುಗನ ಬೆನ್ನನ್ನೂ ತಟ್ಟಿ ನೋಡಿದ್ದರು.

ಭಾನುವಾರ ಅವರಿಗೆ ಬೀಳ್ಕೊಡುಗೆ. ವೇದಿಕೆಯಲ್ಲಿ ಪಕ್ಕದ ಕುರ್ಚಿಯಲ್ಲಿ ಹೆಂಡತಿ ಕೂರಬೇಕು ಎಂಬುದೊಂದೇ ಆಸೆ. ಹೆಂಡತಿ ಪಟ್ಟು ಹಿಡಿದರು.

"ಮದುವೇಲಿ ಮಾಣಿಕ್ಯದ ಉಂಗುರ ಕೊಡಿಸ್ತೀನಿ ಅಂದಿದ್ರಿ. ಬರಿ ಬೆರಳಲ್ಲಿ ನಾನು ಬರಲ್ಲ."

"ಮಾಣಿಕ್ಯ ಅಂದ್ರೇನು ಮಹಾ? ಅಲ್ಯೂಮಿನಿಯಂ ಆಕ್ಸೈಡ್ ಕಣೇ, ನಮ್ಮ ಕಾರ್ಖಾನೇಲಿ ಚಕ್ರ ಮಾಡೋ ಬಿಳಿ ಪುಡೀನೇ. ನೆಲದೊಳಗೆ ಚೂರು ಕ್ರೋಮಿಯಂ ಸೇರಿ ಕೆಂಪಾಗುತ್ತೆ, ಅಷ್ಟೆ. ದಿನಾ ಮೈ ತುಂಬ ಹೊತ್ಕೊಂಡು ಬರ್ತಿಲ್ವಾ?"

ಹೆಂಡತಿ ಅಟ್ಟದಿಂದ ಮೂರು ಡಬ್ಬಿ ಇಳಿಸಿದರು. ಮೂವತ್ತು ವರ್ಷ ಗಂಡನ ಅಂಗಿ ಕೊಡವಿ, ಜರಡಿ ಹಿಡಿದಿಟ್ಟ ಪುಡಿ.

"ಹಾಗಾದ್ರೆ ಕೆಂಪು ಮಾಡ್ಕೊಂಡು ಬನ್ನಿ."

ಆಡಿದ ಮಾತಿಗೆ ಸಿಕ್ಕಿಬಿದ್ದ ಮೇಸ್ತ್ರಿ ಕುಲುಮೆಯವರ ಕೈಕಾಲು ಹಿಡಿದರು. ಚಿಟಿಕೆ ಕ್ರೋಮಿಯಂ ಹಾಕಿ ಕರಗಿಸಿ, ಪುಡಿ ಮಾಡಿ, ಅಚ್ಚೊತ್ತಿ ಸುಡಿಸಿದರು. ಶನಿವಾರ ಹೊರಬಂದದ್ದು ಊಟದ ತಟ್ಟೆಯಗಲದ ಗುಲಾಬಿ ಸಾಣೆ ಚಕ್ರ. ಆ ಕಾರ್ಖಾನೆಗೆ ಬೇರೇನೂ ಮಾಡಲು ಬರುತ್ತಿರಲಿಲ್ಲ.

ಜೀವ ಕೈಯಲ್ಲಿ ಹಿಡಿದು ಅದನ್ನು ಹೆಂಡತಿಯ ಮುಂದೆ ಎತ್ತಿ ಹಿಡಿದರು. ಆಕೆ ಸುತ್ತಿಗೆ ತಗೊಂಡು ತಟ್ಟಿದರು. ಠಣ್.

"ಪಾಸು," ಎಂದು ನಡುವಿನ ತೂತಿಗೆ ಉಂಗುರದ ಬೆರಳು ತೂರಿಸಿದರು. ಅಳತೆ ಕೊಟ್ಟು ಮಾಡಿಸಿದಷ್ಟು ಸರಿಯಾಗಿ ಕೂತಿತು.

ಎರಡೂವರೆ ಕಿಲೋ ಉಂಗುರ. ಭಾನುವಾರ ಬೀದಿಯುದ್ದಕ್ಕೂ ಮೇಸ್ತ್ರಿ ಆಕೆಯ ಕೈಗೆ ತಮ್ಮ ಕೈ ಕೊಟ್ಟು ನಡೆಯಬೇಕಾಯಿತು. ಮದುವೆಯಾದಾಗಿನಿಂದ ಹಾಗೆ ನಡೆದವರಲ್ಲ. ನಾಚಿಕೆಯಾಯಿತು, ಬಿಡಲು ಮನಸ್ಸೂ ಬರಲಿಲ್ಲ. ವೇದಿಕೆಯಲ್ಲಿ ಮ್ಯಾನೇಜರು ಕೊಟ್ಟ ಗಡಿಯಾರವನ್ನು ಒಂದೇ ಕೈಯಲ್ಲಿ ಇಸಿದುಕೊಂಡರು.

ಮನೆಗೆ ಬಂದರೆ ಉಂಗುರ ಕಳಚಲೊಲ್ಲದು. ಸೋಪು, ಎಣ್ಣೆ ಯಾವುದಕ್ಕೂ ಜಗ್ಗಲಿಲ್ಲ.

"ಒಡೆದುಬಿಡಿ," ಎಂದರು ಹೆಂಡತಿ.

"ಸುತ್ತಿಗೆ ಬಿದ್ರೆ ಬೆರಳೂ ಹೋಗುತ್ತೆ. ಕೊಯ್ಯಬೇಕು. ಇದನ್ನ ಕೊಯ್ಯೋಕೆ..." ಮೇಸ್ತ್ರಿಯ ದನಿ ಇಳಿಯಿತು. "ವಜ್ರಾನೇ ಬೇಕು."

ಹೆಂಡತಿ ಕುರ್ಚಿಗೊರಗಿ ಆರಾಮಾಗಿ ಕೂತರು.

"ತನ್ನಿ. ಅವಸರ ಇಲ್ಲ, ಇನ್ನೂ ಮೂವತ್ತು ವರ್ಷ ತಗೊಳ್ಳಿ. ಅಲ್ಲೀತನಕ ಕೈ ಹಿಡ್ಕೊಂಡಿರಿ."

ಮೇಸ್ತ್ರಿ ನೋಯುತ್ತಿದ್ದ ತಮ್ಮ ಕೈ ಬಿಡಿಸಿಕೊಂಡು, ಆಕೆಯ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡರು.