ನಿದ್ದೆ, ಸೊನ್ನೆ

ನೆಂಟರೆಲ್ಲ ಹೊರಟುಹೋದ ಮಾರನೆಯ ಬೆಳಿಗ್ಗೆ ಹಾಲಿನವನು ಎಂದಿನಂತೆ ಒಂದು ಲೀಟರ್ ಇಟ್ಟು ಹೋಗಿದ್ದ. ಇನ್ನು ಅರ್ಧ ಸಾಕು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಬಿಳಿ ಕೋಟನ್ನು ಬ್ಯಾಗಿಗೆ ತುರುಕಿ ಚಪ್ಪಲಿ ಮೆಟ್ಟಿದೆ.

"ಇವತ್ತೇ ಹೋಗ್ಬೇಕೇನೆ?" ಅತ್ತೆ ಕೇಳಿದರು.

"ನರ್ಸಿಂಗ್ ಮಕ್ಕಳಿಗೆ ಪಾಠ ಇದೆ ಅತ್ತೆ."

"ಯಾವ ಪಾಠ?"

"ನೋವು ಕಡಿಮೆ ಮಾಡೋದು ಹೇಗೆ ಅಂತ."

ಮಗ ಹೋದ ಮೇಲೆ ಮೊದಲ ಸಲ ಅತ್ತೆ ನಕ್ಕರು. "ಹೋಗ್ಬಾ ತಾಯಿ. ಗಂಡ ಸತ್ರೂ ಒಂದು ಹನಿ ಉದುರಿಸದ ಕಣ್ಣು ನಿಂದು. ಚೆನ್ನಾಗೇ ಹೇಳ್ಕೊಡ್ತೀಯ."

ತರಗತಿಯಲ್ಲಿ ನಲವತ್ತೆರಡು ಜನ. ಒಂದು ಕೇಸ್ ಶೀಟನ್ನು ಹೆಸರು ಮರೆಮಾಡಿ ಪರದೆಯ ಮೇಲೆ ತೋರಿಸಿದೆ. ಸೊನ್ನೆಯಿಂದ ಹತ್ತರವರೆಗೆ ರೋಗಿ ಹೇಳಿದ ನೋವಿನ ಅಂಕಿ ಬರೆಯುವ ಕಾಲಂ ಅದರಲ್ಲಿತ್ತು. ಅಂಕಿ ಐದು ದಾಟಿದರೆ ಮಾತ್ರ ಇಂಜೆಕ್ಷನ್. ಮಧ್ಯಾಹ್ನ ಎರಡಕ್ಕೆ, ನಾಲ್ಕಕ್ಕೆ, ಆರಕ್ಕೆ, ಮೂರು ಸಲವೂ ಒಂದೇ ಬರಹ: 'ನಿದ್ದೆ, ಸೊನ್ನೆ.'

"ಏನು ತಪ್ಪಿದೆ?"

"ನಾಡಿ ನೂರಿಪ್ಪತ್ತೆಂಟಿದೆ ಮೇಡಂ," ಮುಂದಿನ ಬೆಂಚಿನವಳು ಹೇಳಿದಳು. "ಅದು ನಿದ್ದೆಯಲ್ಲ. ನೋವು ತಡೀಲಾರದೆ ಕಣ್ಣು ಮುಚ್ಚಿದಾರೆ."

"ಬರೆದದ್ದು ಯಾರು?"

ಎಲ್ಲರಿಗೂ ಗೊತ್ತಿತ್ತು. ಅದು ನನ್ನ ಗಂಡನ ಹಾಳೆ ಎಂಬುದೂ ಗೊತ್ತಿತ್ತು. ಎಲ್ಲರೂ 'ಕಡ್ಡಿ' ಎಂದು ಕರೆಯುವ ಸಣಕಲು ಹುಡುಗಿ ಎದ್ದು ನಿಂತಳು. ಅವಳ ರೆಕಾರ್ಡ್ ಪುಸ್ತಕಕ್ಕೆ ನನ್ನ ಸಹಿ ಬೇಕಿತ್ತು, ಅವತ್ತೇ ಕೊನೆಯ ದಿನ. ಸಹಿ ಇಲ್ಲದಿದ್ದರೆ ಪರೀಕ್ಷೆ ಇಲ್ಲ, ಒಂದು ವರ್ಷ ಹೋದಂತೆ.

ಅವಳನ್ನು ಮುಂದೆ ಕರೆದು ಕೂರಿಸಿ, ಎಡತೋಳಿಗೆ ಬಿ.ಪಿ. ಪಟ್ಟಿ ಸುತ್ತಿ ಗಾಳಿ ಒತ್ತಿದೆ.

"ಅಂಕಿ ಹೇಳು."

"ಮೂರು ಮೇಡಂ."

ಇನ್ನಷ್ಟು ಒತ್ತಿದೆ.

"ಮೂರು."

"ಕಣ್ಣು ಮುಚ್ಚು." ಮುಚ್ಚಿದಳು. ನಾನು ಉಳಿದವರ ಕಡೆ ತಿರುಗಿದೆ. "ನಿದ್ದೆ ಮಾಡ್ತಿದಾಳೆ. ಎಷ್ಟು ಬರೀಲಿ?"

"ಸೊನ್ನೆ ಮೇಡಂ! ಗೊರಕೆ ಬೇರೆ ಹೊಡೀತಿದಾಳೆ!" ಹಿಂದಿನಿಂದ ಯಾರೋ ಅಂದರು. ನಾಲ್ಕೈದು ಜನ ನಕ್ಕರು. ನಾನು ತಡೆಯಲಿಲ್ಲ. ಪಟ್ಟಿ ಬಿಚ್ಚದೆ ಪಾಠ ಮುಂದುವರಿಸಿದೆ. ಅವಳ ಬೆರಳುಗಳು ನೇರಳೆ ಬಣ್ಣಕ್ಕೆ ತಿರುಗಿದವು.

"ನೀವೇ ಬರೆಸಿದ್ದು ಮೇಡಂ." ಕಣ್ಣು ಮುಚ್ಚಿಕೊಂಡೇ ಹೇಳಿದಳು. "ಅಂಕಿ ಕೇಳೋಕೋಸ್ಕರ ಮಲಗಿದವರನ್ನ ಎಬ್ಬಿಸಬೇಡಿ, ನಿದ್ದೆ, ಸೊನ್ನೆ ಅಂತ ಬರೀರಿ ಅಂತ. ಎಲ್ಲರ ನೋಟ್ಸಲ್ಲೂ ಇದೆ."

ಯಾರೋ ಪುಟ ತಿರುವಿದ ಸದ್ದಾಯಿತು. ಇದ್ದಿರಲೇಬೇಕು. ವಾರ್ಡಿನಲ್ಲಿ ಗಲಾಟೆ ಬೇಡ ಎಂದು ಆರು ವರ್ಷದಿಂದ ಪ್ರತಿ ತಂಡಕ್ಕೂ ಅದನ್ನೇ ಬರೆಸುತ್ತ ಬಂದಿದ್ದೇನೆ. ಗಾಳಿ ಬಿಟ್ಟೆ. ತರಗತಿ ಮುಗಿಯಿತು ಎಂದೆ.

ಎಲ್ಲರೂ ಹೋದರು, ಅವಳು ಹೋಗಲಿಲ್ಲ. ಬಲಗೈಯಿಂದಲೇ ರೆಕಾರ್ಡ್ ಪುಸ್ತಕ ತೆರೆದು ನನ್ನ ಮುಂದಿಟ್ಟಳು.

"ನನ್ನ ವಾಚು ಸರ್ ಹತ್ರ ಇತ್ತು ಮೇಡಂ. ಎರಡು ಗಂಟೆಗೆ ಅಂಕಿ ಬರೆದು ಹೊರಟಿದ್ದೆ, ಕಣ್ಣು ಬಿಟ್ಟು ಕೇಳಿ ಇಸ್ಕೊಂಡ್ರು. ನಿಮ್ಮ ಮೇಡಂ ಆರಕ್ಕೆ ಬರ್ತಾಳೆ, ಟೈಮ್ ನೋಡ್ತಾ ಇರ್ತೀನಿ ಅಂದ್ರು."

ಆ ದಿನ ನಾನು ವಾರ್ಡಿಗೆ ಏಳೂಕಾಲಿಗೆ ಹೋಗಿದ್ದೆ. ಈ ತರಗತಿಯವರದೇ ಉತ್ತರಪತ್ರಿಕೆ ತಿದ್ದುತ್ತ ಕೂತಿದ್ದೆ.

"ಹಾಗಾದ್ರೆ ಎಚ್ಚರ ಇದ್ರು ಅಂತ ಗೊತ್ತಿತ್ತು ನಿಂಗೆ."

"ಆಮೇಲೆ ಬಂದಾಗ ಕಣ್ಣು ಮುಚ್ಚಿತ್ತು ಮೇಡಂ."

ಪೆನ್ನಿನ ಮುಚ್ಚಳ ತೆಗೆದೆ. ತಪ್ಪು ಯಾರದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಮುಚ್ಚಳ ಮತ್ತೆ ಹಾಕಿ, ಖಾಲಿ ಜಾಗವನ್ನು ಹಾಗೇ ಬಿಟ್ಟು, ಪುಸ್ತಕವನ್ನು ಅವಳ ಕಡೆ ತಳ್ಳಿದೆ.

"ಮೇಡಂ, ಒಂದು ವರ್ಷ..."

"ಮುಂದಿನ ವರ್ಷ ಬಾ."

ಆಸ್ಪತ್ರೆಯವರು ನನ್ನ ಗಂಡನ ಕನ್ನಡಕದ ಜೊತೆ ಕೊಟ್ಟಿದ್ದ ವಾಚು ನನ್ನ ಪರ್ಸಿನಲ್ಲೇ ಇತ್ತು. ಎದೆಗೆ ಪಿನ್ನು ಮಾಡಿಕೊಳ್ಳುವಂಥದ್ದು. ತೆಗೆದು ಅವಳ ಅಂಗೈಗೆ ಹಾಕಿದೆ. ಅಲ್ಲೇ ನಿಂತು ಸಿಕ್ಕಿಸಿಕೊಳ್ಳಲು ನೋಡಿದಳು. ಎಡಗೈಯ ಬೆರಳುಗಳು ಇನ್ನೂ ಮಡಚುತ್ತಿರಲಿಲ್ಲ. ಪಿನ್ನು ಎರಡು ಸಲ ಜಾರಿತು. ನಾನು ಕೈ ಚಾಚಲಿಲ್ಲ.