ಅಮ್ಮನ ಹೆಸರಿನ ಕಾರು

ಮಿಸ್ಟರ್ ಪ್ರೋಬರ್ಟ್ ಎರಡನೆಯ ಸಲ ತಟ್ಟೆಗೆ ಕೈ ಹಾಕಿದಾಗ ಮೆನ್ನಾಗೆ ಅರ್ಧ ಗೆದ್ದಂತೆ ಅನ್ನಿಸಿತು. ಅನುಮಾನ ಇಟ್ಟುಕೊಂಡು ಬಂದವನು ಹೀಗೆ ಆರಾಮಾಗಿ ಕೂತು ಕೇಕು ತಿನ್ನುತ್ತಾನೆಯೇ? ವಿಮಾ ಕಂಪನಿಯವರು ವಿಚಾರಣೆಗೆ ಒಬ್ಬರನ್ನು ಕಳಿಸುತ್ತೇವೆ ಎಂದಾಗ ಅವಳ ಕಣ್ಣಮುಂದೆ ಬಂದದ್ದು ಗಡುಸು ಮುಖದ, ಕರಿ ಕೋಟಿನ ಯಾವನೋ ಒಬ್ಬ. ಬಂದವನು ನೋಡಿದರೆ ನಿವೃತ್ತ ಮೇಷ್ಟರ ಹಾಗಿದ್ದ. ಬಾಗಿಲಲ್ಲೇ ಶೂ ಬಿಚ್ಚಿಟ್ಟ. ತನ್ನ ತಾಯಿಯೂ ಹೀಗೇ ಒಣದ್ರಾಕ್ಷಿ ಹಾಕಿ ಕಾವಲಿಯ ಮೇಲೆ ಸುಡುತ್ತಿದ್ದಳು ಎಂದು ಹೇಳಿ, ಬೆರಳಿಗಂಟಿದ ಸಕ್ಕರೆಯನ್ನೂ ಬಿಡದೆ ನೆಕ್ಕಿದ.

ಆದರೂ ಮೆನ್ನಾ ಒಂದೊಂದು ಮಾತನ್ನೂ ತೂಗಿಯೇ ಆಡುತ್ತಿದ್ದಳು. ಇವತ್ತು ಅವಳ ಬಾಯಿ ತಪ್ಪದಿದ್ದರೆ ಮಗಳ ಡ್ರೈವಿಂಗ್ ಲೈಸೆನ್ಸ್ ಉಳಿಯುತ್ತದೆ. ತಪ್ಪಿದರೆ ಲೈಸೆನ್ಸೂ ಹೋಗುತ್ತದೆ, ಅದರ ಹಿಂದೆಯೇ ಕೆಲಸವೂ ಹೋಗುತ್ತದೆ.

ಮಗಳು ಎಲೆರಿಗೆ ಹತ್ತೊಂಬತ್ತು. ಕಣಿವೆಯ ಮನೆಮನೆಗೆ ಹೋಗಿ ಮುದುಕರ ಆರೈಕೆ ಮಾಡುವುದು ಅವಳ ಕೆಲಸ. ಬೆಳಕು ಹರಿಯುವ ಮೊದಲೇ ಹೊರಟು ಒಬ್ಬರಿಗೆ ಸ್ನಾನ ಮಾಡಿಸಬೇಕು, ಇನ್ನೊಬ್ಬರಿಗೆ ಮಾತ್ರೆ ನುಂಗಿಸಬೇಕು, ಮತ್ತೊಬ್ಬರಿಗೆ ಕಾಲುಚೀಲ ಹಾಕಬೇಕು, ಮಧ್ಯಾಹ್ನ ಗ್ವಿಲಿಮ್ ತಾತನಿಗೆ ಊಟ ಕೊಡಬೇಕು. ವೇಲ್ಸಿನ ಈ ಮೂಲೆಗೆ ಬಸ್ಸು ಬರುವುದು ದಿನಕ್ಕೆ ಎರಡೇ ಸಲ, ಅದೂ ಡ್ರೈವರನ ಮನಸ್ಸು ಚೆನ್ನಾಗಿದ್ದರೆ. ಕಾರಿಲ್ಲದೆ ಈ ಕೆಲಸ ಆಗುವ ಮಾತೇ ಅಲ್ಲ. ಹಾಗಾಗಿ ಕಾರೇನೋ ಕೊಂಡರು, ಹಳೆಯದು, ಒಂದೂವರೆ ಸಾವಿರ ಪೌಂಡಿಗೆ. ವಿಮೆಗೆ ಕೇಳಿದರೆ ಕಂಪನಿಯವರು ಹೇಳಿದ್ದು ಅದರ ದುಪ್ಪಟ್ಟು. ಹತ್ತೊಂಬತ್ತರ ಹುಡುಗಿ ಅಂದಮೇಲೆ ಕುಡಿದು ಕುಪ್ಪಳಿಸಿಕೊಂಡೇ ಓಡಿಸುತ್ತಾಳೆ ಎಂದು ಆ ಪುಣ್ಯಾತ್ಮರು ಮೊದಲೇ ತೀರ್ಮಾನ ಮಾಡಿಬಿಟ್ಟಿದ್ದರು. ಕಾರಿನೊಳಗೆ ಒಂದು ಡಬ್ಬಿ ಕೂರಿಸುತ್ತೇವೆ, ಯಾವಾಗ, ಹೇಗೆ ಓಡಿಸುತ್ತಾಳೆ ಎಂದು ಅದು ಕಾವಲು ಕಾಯುತ್ತದೆ, ಸ್ವಲ್ಪ ಕಡಿಮೆ ಮಾಡುತ್ತೇವೆ ಎಂದರು ಇನ್ನೊಬ್ಬರು. ಆ ಡಬ್ಬಿಗೆ ಕತ್ತಲಲ್ಲಿ ಕಾರು ಹೊರಡಿಸಿದರೆ ಆಗದಂತೆ. ಮುದುಕರಿಗೆ ಹೊತ್ತು ಮೂಡಿದ ಮೇಲೆ ಏಳಿ ಎಂದು ಹೇಳಲಾಗುತ್ತದೆಯೇ?

ಆಗ ಮೆನ್ನಾ ಇಡೀ ಕಣಿವೆ ಮಾಡುವುದನ್ನೇ ಮಾಡಿದಳು. ವಿಮೆಯನ್ನು ತನ್ನ ಹೆಸರಿನಲ್ಲಿ ತೆಗೆಸಿದಳು. ಇಪ್ಪತ್ತೈದು ವರ್ಷ ಒಂದು ಗೀರೂ ಬೀಳದಂತೆ ವ್ಯಾನು ಓಡಿಸಿದ ಹೆಂಗಸು ಎಂದು ಕಂಪನಿ ಅಗ್ಗಕ್ಕೆ ಕೊಟ್ಟಿತು. ಮುಖ್ಯ ಚಾಲಕಿ ತಾಯಿ, ಯಾವಾಗಲಾದರೊಮ್ಮೆ ಓಡಿಸುವವಳು ಮಗಳು ಎಂದು ಬರೆಸಿದ್ದಾಯಿತು. ಆ ಸುತ್ತಮುತ್ತ ಹರೆಯದ ಮಕ್ಕಳಿರುವ ಯಾವ ಮನೆಯಲ್ಲಿ ನೋಡಿದರೂ ಇಂಥದೊಂದು ‘ಅಮ್ಮನ ಕಾರು’ ಇರುತ್ತದೆ. ಅದರಲ್ಲಿ ಅಮ್ಮ ಮಾತ್ರ ಕೂರುವುದಿಲ್ಲ. ಮೆನ್ನಾಳ ವ್ಯಾನು ಗುಜರಿಗೆ ಹೋಗಿ ಮೂರು ವರ್ಷವಾಗಿತ್ತು. ಅವಳು ಶಾಲೆಯ ಅಡುಗೆಮನೆಗೆ ಹೋಗುತ್ತಿದ್ದುದು ನಡೆದುಕೊಂಡು.

ಎಲ್ಲವೂ ಸರಿಯಾಗೇ ಇತ್ತು, ಎಲೆರಿ ಒಂದು ತಿರುವಿನಲ್ಲಿ ರಜೆಗೆ ಬಂದವರ ಹೊಸ ಕಾರಿಗೆ ಮೂತಿ ಗುದ್ದುವವರೆಗೆ. ಆ ಪುಣ್ಯವಂತರು ತಮ್ಮ ಕಾರನ್ನು ರಸ್ತೆಯ ಅರ್ಧಕ್ಕೆ ನಿಲ್ಲಿಸಿ ಗುಡ್ಡದ ಫೋಟೋ ತೆಗೆಯಲು ಹೋಗಿದ್ದರು. ಯಾರಿಗೂ ಏಟಾಗಲಿಲ್ಲ. ಆದರೆ ಕಂಪನಿಗೆ ವಾಸನೆ ಬಡಿಯಿತು. ದಿನಾ ಓಡಿಸುವವಳು ಮಗಳೇ ಎಂದು ಗೊತ್ತಾದರೆ ವಿಮೆಯನ್ನು ಮೊದಲ ದಿನದಿಂದಲೇ ರದ್ದು ಮಾಡುತ್ತಾರೆ. ಎಲೆರಿ ಅಷ್ಟು ದಿನವೂ ವಿಮೆಯಿಲ್ಲದೆ ಓಡಿಸಿದಂತಾಗುತ್ತದೆ. ಲೈಸೆನ್ಸ್ ಸಿಕ್ಕಿ ಎರಡು ವರ್ಷ ತುಂಬದವರು ಹಾಗೆ ಸಿಕ್ಕಿಬಿದ್ದರೆ ಲೈಸೆನ್ಸನ್ನೇ ಕಿತ್ತುಕೊಳ್ಳುತ್ತಾರೆ.

“ಹೇಳ್ಬಿಡೋಣ ಮಾಮ್,” ಎಂದಿದ್ದಳು ಎಲೆರಿ ಹಿಂದಿನ ದಿನ.

“ಹೇಳಿ? ಆಮೇಲೆ ಗ್ವಿಲಿಮ್ ತಾತನ ಮನೆಗೆ ಕುದುರೆ ಮೇಲೆ ಹೋಗ್ತೀಯಾ? ಸುಮ್ನಿರು. ನಾನು ನೋಡ್ಕೋತೀನಿ.”

ಹಾಗೆಂದು ಮೆನ್ನಾ ತಯಾರಿಗೆ ನಿಂತಳು. ಕಾರಿನ ಸೀಟನ್ನು ತನ್ನ ಉದ್ದ ಕಾಲಿಗೆ ತಕ್ಕಂತೆ ಹಿಂದಕ್ಕೆ ತಳ್ಳಿದಳು. ತನ್ನ ಓದುವ ಕನ್ನಡಕ, ಪೆಪ್ಪರ್‌ಮಿಂಟು, ತಾನು ಪ್ರಾರ್ಥನೆಗೆ ಹೋಗುವ ಚಾಪೆಲ್ಲಿನ ಪತ್ರಿಕೆ ಎಲ್ಲವನ್ನೂ ಅದರೊಳಗೆ ಹರಡಿದಳು. ಪೆಟ್ರೋಲ್ ಮುಚ್ಚಳ ಯಾವ ಕಡೆ, ಟೈರು ಬದಲಾಯಿಸಿದ್ದು ಯಾವಾಗ ಎಂಬುದನ್ನೆಲ್ಲ ಮಗಳಿಂದ ಕೇಳಿ ಬಾಯಿಪಾಠ ಮಾಡಿದಳು. ಒಂದು ಸುತ್ತು ಓಡಿಸಿ ನೋಡಬೇಕು ಎಂದು ಮಾತ್ರ ಅವಳಿಗೆ ಹೊಳೆಯಲೇ ಇಲ್ಲ. ಇಪ್ಪತ್ತೈದು ವರ್ಷ ಓಡಿಸಿದವಳಿಗೆ ಅದೇನು ಹೊಸದೇ?

“ವಾರಕ್ಕೆ ಎಷ್ಟು ದಿನ ಓಡಿಸ್ತೀರಿ, ಮಿಸೆಸ್ ಹೊವೆಲ್?” ಪ್ರೋಬರ್ಟ್ ಟೀ ಹೀರುತ್ತ ಮೆನ್ನಾಳನ್ನು ಕೇಳಿದ.

“ಐದು ದಿನ ಅನ್ಕೊಳ್ಳಿ. ಕೆಲಸಕ್ಕೆ, ಸಾಮಾನಿಗೆ. ಭಾನುವಾರ ಚಾಪೆಲ್ಲಿಗೆ.”

“ಮಗಳು?”

“ನನಗೆ ಬೇಡದಿದ್ದಾಗ ಯಾವಾಗಾದ್ರೂ.”

“ಅವಳ ಕೆಲಸ ಇರೋದೇ ಊರೂರು ಅಲೆಯೋದು ಅಲ್ವಾ?”

ಮೆನ್ನಾ ಅವನ ಕಪ್ಪಿಗೆ ಇನ್ನಷ್ಟು ಟೀ ಬಗ್ಗಿಸಿದಳು. “ಜೊತೆ ಕೆಲಸ ಮಾಡೋರ ಕಾರಲ್ಲಿ ಹೋಗ್ತಾಳೆ. ಇಲ್ಲಾಂದ್ರೆ ನಾನೇ ಬಿಟ್ಟು ಬರ್ತೀನಿ. ಆ ಗುದ್ದಿದ ದಿನ ನನಗೆ ಸಿಕ್ಕಾಪಟ್ಟೆ ತಲೆನೋವಿತ್ತು, ತಗೊಂಡು ಹೋಗು ಅಂದೆ.”

“ತಾಯಿಯಾದೋಳು ಅಂದ್ರೆ ಹೀಗಿರ್ಬೇಕು,” ಎಂದು ಪ್ರೋಬರ್ಟ್ ಎಲೆರಿಯ ಕಡೆ ನೋಡಿ ನಕ್ಕ. ಒಲೆಗೆ ಒರಗಿ ನಿಂತಿದ್ದ ಎಲೆರಿ ನಗಲಿಲ್ಲ. ಅವನು ಮತ್ತೆ ಮೆನ್ನಾಳ ಕಡೆ ತಿರುಗಿದ. “ಪೆಟ್ರೋಲ್ ಮುಚ್ಚಳ ಯಾವ ಕಡೆಗಿದೆ ಮಿಸೆಸ್ ಹೊವೆಲ್?”

“ಬಲಗಡೆ.”

“ವಾಸಿ ನೀವು. ನನ್ನ ಕಾರಿಂದು ನನಗೇ ನೆನಪಿರಲ್ಲ. ಪ್ರತಿ ಸಲ ಬಂಕಲ್ಲಿ ಒಂದು ಪ್ರದಕ್ಷಿಣೆ ಹಾಕ್ತೀನಿ.”

ಮೆನ್ನಾ ಜೋರಾಗಿಯೇ ನಕ್ಕಳು. ಎದೆಯ ಮೇಲಿನ ಭಾರ ಇಳಿದಂತಾಯಿತು. ಪ್ರೋಬರ್ಟ್ ಎದ್ದು ಶೂ ಮೆಟ್ಟಿಕೊಂಡು, ಕಾರಿನ ಎರಡು ಫೋಟೋ ತೆಗೆದರೆ ತನ್ನ ಕೆಲಸ ಮುಗಿಯಿತು ಎಂದ.

ಕಾರು ಅಂಗಳದಲ್ಲಿ ಹಳೆಯ ಕೊಟ್ಟಿಗೆಯ ಕಲ್ಲುಗೋಡೆಗೆ ಮುಖ ಮಾಡಿ ನಿಂತಿತ್ತು. ಗುದ್ದಿದ್ದೂ ಮುಂಭಾಗಕ್ಕೇ. ಪ್ರೋಬರ್ಟ್ ಹೊಟ್ಟೆ ಎಳೆದುಕೊಂಡು ಗೋಡೆಗೂ ಕಾರಿಗೂ ನಡುವೆ ನುಸುಳಿದ. ಅವನ ಮೊಣಕಾಲು ಬಂಪರಿಗೆ ತಾಗುತ್ತಿತ್ತು. ಫೋನನ್ನು ಹಾಗೆ ಹಿಡಿದ, ಹೀಗೆ ಹಿಡಿದ, ತಲೆಯಾಡಿಸಿದ.

“ಏನೂ ಕಾಣ್ತಿಲ್ಲ. ಸ್ವಲ್ಪ ಹಿಂದಕ್ಕೆ ತಗೋತೀರಾ, ಮಿಸೆಸ್ ಹೊವೆಲ್? ಎರಡಡಿ ಸಾಕು.”

ಎಲೆರಿಯ ಕೈ ಅಭ್ಯಾಸಬಲದಿಂದ ಜೇಬಿಗೆ ಹೋಯಿತು. ಮೆನ್ನಾ ಅದನ್ನು ಕಂಡಳು. ಪ್ರೋಬರ್ಟ್ ಕಂಡನೋ ಇಲ್ಲವೋ ತಿಳಿಯಲಿಲ್ಲ. “ಕೀ ನಿನ್ ಹತ್ರನೇ ಉಳಿದುಬಿಡ್ತಾ? ಕೊಡಿಲ್ಲಿ,” ಎಂದು ಮೆನ್ನಾ ಗದರುವ ದನಿಯಲ್ಲಿ ಹೇಳಿ ಕಿತ್ತುಕೊಂಡಳು. ಮಗಳ ಕಣ್ಣಲ್ಲಿ ಏನೋ ಹೇಳಬೇಕೆಂಬ ತವಕವಿತ್ತು. ಕೇಳಿಸಿಕೊಳ್ಳುವ ಹೊತ್ತು ಅದಾಗಿರಲಿಲ್ಲ.

ಸೀಟಿನಲ್ಲಿ ಕೂತಳು. ಎಂಜಿನ್ ಒಂದೇ ಸಲಕ್ಕೆ ಎದ್ದಿತು. ಕ್ಲಚ್ ತುಳಿದು ಗೇರಿನ ಹಿಡಿಗೆ ಕೈ ಹಾಕಿದಳು. ಹಿಡಿಯ ಮೇಲಿದ್ದ ಅಂಕಿಗಳು ಯಾವ ಕಾಲದಲ್ಲೋ ಸವೆದುಹೋಗಿದ್ದವು. ಅವಳ ವ್ಯಾನಿನಲ್ಲಿ ಹಿಡಿಯನ್ನು ಕೆಳಕ್ಕೆ ಒತ್ತಿ, ಎಡಕ್ಕೆಳೆದು, ಮುಂದಕ್ಕೆ ತಳ್ಳಿದರೆ ರಿವರ್ಸ್. ಹಾಗೇ ಮಾಡಿದಳು. ಗೇರು ಕೂತಿತು. ಆದರೆ ಕೆಳಕ್ಕೆ ಒತ್ತಿದಾಗ ಹಿಡಿ ಒಂದಿಷ್ಟೂ ಕುಸಿದಿರಲಿಲ್ಲ. ಕೈಗೆ ಅದು ಗೊತ್ತಾಯಿತು.

ಗಾಜಿನಾಚೆ ಪ್ರೋಬರ್ಟ್ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದ. ಪಕ್ಕಕ್ಕೆ ಸರಿಯುವ ಯೋಚನೆಯೇ ಇಲ್ಲದವನಂತೆ, ಬನ್ನಿ ಹಿಂದಕ್ಕೆ ಎಂದು ಕೈಯಾಡಿಸುತ್ತಿದ್ದ. ಮೆನ್ನಾ ಕ್ಲಚ್ಚನ್ನು ಕೂದಲೆಳೆಯಷ್ಟು ಬಿಟ್ಟಳು. ಹ್ಯಾಂಡ್‌ಬ್ರೇಕ್ ಹಾಕಿದ್ದರೂ ಕಾರಿನ ಮೂತಿ ಜಗ್ಗಿದಂತಾಯಿತು. ಮುಂದಕ್ಕೆ ಜಗ್ಗಿತೋ ಹಿಂದಕ್ಕೋ? ಮತ್ತೆ ಕ್ಲಚ್ ತುಳಿದಳು.

ಇಳಿದು ಹೇಳಬಹುದಿತ್ತು, ಈ ಗೇರು ಯಾಕೋ ಬಿಗಿಯಾಗಿದೆ ಎಂದು. ಸ್ವಲ್ಪ ಈಚೆ ಬನ್ನಿ ಎಂದು ಅವನನ್ನು ಕರೆಯಬಹುದಿತ್ತು. ಕರೆದರೆ ಯಾಕೆ ಎನ್ನುತ್ತಾನೆ. ದಿನಾ ಓಡಿಸುವವಳಿಗೆ ಎರಡಡಿ ಹಿಂದಕ್ಕೆ ತೆಗೆಯಲು ಏನು ಧಾಡಿ ಎನ್ನುತ್ತಾನೆ. ರಿವರ್ಸೇ ಇರಬೇಕು, ಎಲ್ಲಾ ಕಾರುಗಳಲ್ಲೂ ಹೀಗೇ ಇರುತ್ತದೆ ಎಂದು ಮೆನ್ನಾ ತನಗೆ ತಾನೇ ಹೇಳಿಕೊಂಡಳು. ಹೇಳಿಕೊಳ್ಳುತ್ತಲೇ ಅದು ನಿಜವಲ್ಲ ಎಂದೂ ಅವಳಿಗೆ ಅನ್ನಿಸುತ್ತಿತ್ತು. ಎಂಜಿನ್ ಗುರ್ರೆನ್ನುವಂತೆ ಮಾಡಿ ಹ್ಯಾಂಡ್‌ಬ್ರೇಕ್ ಇಳಿಸಿದಳು.

“ಮಾಮ್, ಬಿಡಬೇಡ. ಕ್ಲಚ್ ಬಿಡಬೇಡ.”

ಎಲೆರಿ ಕಾರಿನ ಹಿಂದಿನಿಂದ ಓಡಿ ಬಂದಳು. ರಿವರ್ಸ್ ಹಾಕಿದರೆ ಹತ್ತಬೇಕಾದ ಹಿಂದಿನ ಬಿಳಿ ದೀಪ ಹತ್ತಿಲ್ಲದ್ದು ಅಲ್ಲಿ ನಿಂತಿದ್ದ ಅವಳಿಗೆ ಕಂಡಿತ್ತು. ಬಾಗಿಲು ಕಿತ್ತುಬರುವಂತೆ ಎಳೆದು ತೆರೆದು, ತಾಯಿಯ ಮಡಿಲ ಮೇಲೆ ಅಡ್ಡಬಿದ್ದು ಹ್ಯಾಂಡ್‌ಬ್ರೇಕ್ ಎಳೆದಳು, ಕೀ ತಿರುಗಿಸಿದಳು.

“ಫಸ್ಟ್ ಗೇರಲ್ಲಿದೆ ಮಾಮ್. ರಿವರ್ಸಿಗೆ ಹಿಡಿ ಕೆಳಗೆ ಒಂದು ರಿಂಗಿದೆ, ಅದನ್ನ ಮೇಲಕ್ಕೆತ್ತಬೇಕು. ಒತ್ತೋದಲ್ಲ, ಎತ್ತೋದು.”

ಎಂಜಿನ್ ನಿಂತಿತು. ಪ್ರೋಬರ್ಟ್ ಗೋಡೆಗೆ ಎರಡೂ ಕೈ ಊರಿ ನಿಂತಿದ್ದ. ಅವನ ಮುಖ ಸುಣ್ಣದಂತಾಗಿತ್ತು.

“ಗಾಬರಿಯಾಯ್ತು ನನಗೆ,” ಎಂದಳು ಮೆನ್ನಾ ಕೆಳಗಿಳಿದು. ಸುಳ್ಳನ್ನು ಇನ್ನೂ ಬಿಟ್ಟಿರಲಿಲ್ಲ ಅವಳು. “ನೀವು ಎದುರಿಗೆ ನಿಂತು ನೋಡ್ತಿದ್ರಲ್ಲ, ಮಿಸ್ಟರ್ ಪ್ರೋಬರ್ಟ್, ಅದಕ್ಕೆ ಕೈ ತಪ್ತು. ದಿನಾ ನಾನು...”

“ಸಾಕು ಮಾಮ್,” ಎಂದಳು ಎಲೆರಿ. ಆಮೇಲೆ ಪ್ರೋಬರ್ಟನ ಕಡೆ ತಿರುಗಿದಳು. “ಕಾರು ನಂದು. ದಿನಾ ಓಡ್ಸೋಳು ನಾನು. ಅಮ್ಮ ಇದರಲ್ಲಿ ಕೂತಿದ್ದೇ ನಿನ್ನೆ, ಸೀಟು ಸರಿಮಾಡೋಕೆ. ಬರ್ಕೊಳ್ಳಿ.”

ಪ್ರೋಬರ್ಟ್ ಗೋಡೆಯ ಸಂದಿನಿಂದ ನಿಧಾನವಾಗಿ ಹೊರಬಂದು ಮೊಣಕಾಲು ಉಜ್ಜಿಕೊಂಡ.

“ಎಲ್ಲಾ ಮನೆಲೂ ಇದನ್ನೇ ಕೇಳ್ತೀನಿ, ಸ್ವಲ್ಪ ಹಿಂದಕ್ಕೆ ತಗೊಳ್ಳಿ ಅಂತ,” ಎಂದ. “ಗೇರ್ ಹುಡುಕ್ತಾರೆ, ವೈಪರ್ ಹಾಕ್ತಾರೆ, ನಗ್ತಾರೆ, ಆಮೇಲೆ ಒಪ್ಕೋತಾರೆ. ಕ್ಲಚ್ಚಿಂದ ಕಾಲು ಎತ್ತೋಕೆ ಯಾರೂ ಹೋಗಲ್ಲ. ಎದುರಿಗೆ ನಿಂತಿದ್ದು ನನ್ನ ದಡ್ಡತನ.” ಮೆನ್ನಾಳ ಮುಖವನ್ನು ನೋಡದೆ ಅವನು ಎಲೆರಿಯ ಕಡೆ ತಿರುಗಿದ. “ನೋಡಮ್ಮ, ಕಂಡಿದ್ದನ್ನ ನಾನು ಬರೀಲೇಬೇಕು. ನೀನು ಕೂಗದೇ ಇದ್ದಿದ್ರೆ ನನ್ನ ಕಾಲು ಏನಾಗ್ತಿತ್ತು ಅಂತನೂ ಬರೀತೀನಿ. ಅದರಿಂದ ನಿನ್ನ ಲೈಸೆನ್ಸ್ ಉಳಿಯಲ್ಲ ಅಂತ ಗೊತ್ತಿದ್ದೂ ಬರೀತೀನಿ.”

“ಇವತ್ತು ಇನ್ನೂ ಎರಡು ಮನೆ ಇದಾವೆ ನನಗೆ,” ಎಂದಳು ಎಲೆರಿ.

“ಕಾರನ್ನ ನೀನು ಮುಟ್ಟಬೇಡ. ಕಂಪನಿಯಿಂದ ಕಾಗದ ಬರೋವರೆಗೆ ವಿಮೆ ನಿಮ್ಮಮ್ಮನ ಹೆಸರಲ್ಲಿದೆ. ಅವರು ಓಡಿಸಬಹುದು.”

ಅವನು ಹೋದಮೇಲೆ ಮೆನ್ನಾ ಅಂಗಳದಲ್ಲೇ ನಿಂತಿದ್ದಳು. ಮಗಳು ಬೈಯಬಹುದು, ಅಳಬಹುದು ಎಂದುಕೊಂಡಿದ್ದಳು. ಎಲೆರಿ ಒಳಗೆ ಹೋಗಿ ಕೆಲಸದ ನೀಲಿ ಅಂಗಿ ತೊಟ್ಟು ಬಂದು ಕಾರಿನ ಪಕ್ಕದ ಸೀಟಿನಲ್ಲಿ ಕೂತಳು. “ಗ್ವಿಲಿಮ್ ತಾತಂಗೆ ಊಟ ಕೊಡೋ ಹೊತ್ತಾಯ್ತು, ಬಾ,” ಎಂದಳು.

ಮೆನ್ನಾ ರಿಂಗ್ ಎತ್ತಿ ಗೇರು ಹಾಕಿದಳು. ಕಾರು ಸಾಧುವಾಗಿ ಹಿಂದಕ್ಕೆ ಬಂತು. ಗೇಟು ದಾಟಿ, ಎರಡೂ ಕಡೆ ಬೇಲಿ ಒತ್ತಿಕೊಂಡ ಓಣಿಗೆ ಇಳಿದರು. ಕುರಿಗಳು ತಲೆಯೆತ್ತಿ ನೋಡಿದವು.

“ಮಾಮ್, ಅವರು ಕಾರಿನ ಎದುರಿಗೇ ನಿಂತಿದ್ದು ನಿನಗೆ ಕಾಣ್ತಿತ್ತು.”

“ಕಾಣ್ತಿತ್ತು.”

“ಅದು ಯಾವ ಗೇರು ಅಂತ ಗೊತ್ತಿರ್ಲಿಲ್ಲ ನಿನಗೆ.”

ಮೆನ್ನಾ ರಸ್ತೆಯ ಮೇಲಿಂದ ಕಣ್ಣು ತೆಗೆಯಲಿಲ್ಲ. ಸುಳ್ಳು ಹೇಳಲು ಇನ್ನೂ ಅವಕಾಶವಿತ್ತು. ರಿವರ್ಸ್ ಅಂತಲೇ ತಿಳಿದಿದ್ದೆ ಕಣೇ ಎಂದರೆ ನಂಬಿಬಿಡಲು ಮಗಳು ಕಾತರಿಸುತ್ತಿದ್ದಾಳೆ ಎಂಬುದು ಅವಳ ದನಿಯಲ್ಲೇ ಗೊತ್ತಾಗುತ್ತಿತ್ತು. ಆದರೆ ಅಷ್ಟು ಸುಳ್ಳು ಹೇಳಿದ ಬಾಯಿಗೆ ಇದೊಂದು ಬರಲಿಲ್ಲ.

“ಗೊತ್ತಿರ್ಲಿಲ್ಲ,” ಎಂದಳು. “ಆದ್ರೂ ಕ್ಲಚ್ ಬಿಡೋಳೇ ಇದ್ದೆ. ನಿನಗೋಸ್ಕರ.”

“ನನಗೋಸ್ಕರ ಅನ್ಬೇಡ,” ಎಂದಳು ಎಲೆರಿ ಮೆಲ್ಲಗೆ. “ದಯವಿಟ್ಟು ಹಾಗೆ ಅನ್ಬೇಡ.”

ಮೆನ್ನಾಳ ಕಣ್ಣು ಮಂಜಾಯಿತು. ತೋಳಿನಿಂದ ಒರೆಸಿಕೊಂಡು ವೇಗ ತಗ್ಗಿಸಿದಳು. ಎಲೆರಿ ಕಿಟಕಿಯ ಕಡೆ ಮುಖ ತಿರುಗಿಸಿದಳು. ಗ್ವಿಲಿಮ್ ತಾತನ ಮನೆ ಮುಟ್ಟುವವರೆಗೂ ಅವಳ ಕೈ ಇಬ್ಬರ ನಡುವಿನ ಹ್ಯಾಂಡ್‌ಬ್ರೇಕನ್ನು ಬಿಡಲಿಲ್ಲ.