ಎರಡು ಟ್ಯೂಬು, ಒಂದೇ ನಂಬರು

ಬಸುರಿ ಹೆಂಗಸಿನ ರಕ್ತದ ರಿಪೋರ್ಟು ಎಪ್ಪತ್ತು ದಾಟಿದ ಮುದುಕರೊಬ್ಬರ ಕೈ ಸೇರಿತ್ತು. ಲ್ಯಾಬಿನಲ್ಲಿ ನಗುವ ಧೈರ್ಯ ಯಾರಿಗೂ ಇರಲಿಲ್ಲ. ತಪ್ಪು ಟೆಕ್ನಿಷಿಯನ್ ಅಕ್ಕನದೇ ಎಂದು ಎಲ್ಲರೂ ತೀರ್ಮಾನಿಸಿ ಮೂರು ದಿನವಾಗಿತ್ತು. ಇಪ್ಪತ್ತೆರಡು ವರ್ಷದಿಂದ ಅಲ್ಲೇ ರಕ್ತ ತೆಗೆಯುತ್ತಿದ್ದವಳಿಗೆ, ನಾಳೆಯಿಂದ ಬರುವುದು ಬೇಡ ಎಂದು ಆ ದಿನ ಬೆಳಿಗ್ಗೆ ಹೇಳಿಬಿಟ್ಟಿದ್ದರು ಡಾಕ್ಟರು. ಆ ಇಬ್ಬರ ದಾಖಲೆ ಹುಡುಕಿಕೊಡುವ ಕೆಲಸ ಹಿಂದಿನ ಕೋಣೆಯ ಪ್ರೋಗ್ರಾಮರ್ ಹುಡುಗಿಯ ಪಾಲಿಗೆ ಬಂತು.

ಹುಡುಕಿದರೆ, ಇಬ್ಬರ ಟ್ಯೂಬಿಗೂ ಒಂದೇ ನಂಬರು! ಹುಡುಗಿ ಇನ್ನೊಮ್ಮೆ ಓದಿ ನೋಡಿದಳು.

ಆ ನಂಬರು ಹುಟ್ಟಿಸುವ ಪ್ರೋಗ್ರಾಮಿನ ಜಾವಾಸ್ಕ್ರಿಪ್ಟ್ ಸಾಲು ಬರೆದವಳು ಇವಳೇ. ಕಂಪ್ಯೂಟರು ಮನಸ್ಸಿಗೆ ಬಂದ ಆರಂಕಿ ಆರಿಸಿ ಲೇಬಲ್ಲಿಗೆ ಅಚ್ಚು ಹಾಕುತ್ತಿತ್ತು. ಹತ್ತು ಲಕ್ಷ ಸಂಖ್ಯೆಗಳಿರುವಾಗ ಒಂದೇ ಎರಡು ಸಲ ಬರುವುದುಂಟೇ ಎಂದು ಅಂದು ಜಂಬ ಕೊಚ್ಚಿಕೊಂಡಿದ್ದಳು. ಆ ನಂಬರು ಮೊದಲೇ ಬಳಕೆಯಾಗಿದೆಯೋ ಎಂದು ನೋಡುವ ಇನ್ನೊಂದು ಸಾಲು ಬರೆಯಲು ಮಹಾರಾಯಿತಿಗೆ ಏನು ಕೈ ನೋಯುತ್ತಿತ್ತೋ! ಮೂರು ಸಾವಿರ ಟ್ಯೂಬು ಆಗುವಷ್ಟರಲ್ಲೇ ಯಾವುದಾದರೊಂದು ಜೋಡಿ ಡಿಕ್ಕಿ ಹೊಡೆಯುವುದು ಹೆಚ್ಚುಕಡಿಮೆ ಖಾತ್ರಿ ಎಂಬ ಲೆಕ್ಕ ಈಗ ತಲೆಗೆ ಹತ್ತಿತು.

ಬಾಯಿ ಬಿಟ್ಟರೆ ತನ್ನ ಕೆಲಸಕ್ಕೇ ಸಂಚಕಾರ. ಬಿಡದಿದ್ದರೆ ನರಪಿಳ್ಳೆಗೂ ಗೊತ್ತಾಗದು. ಆ ಕೋಡು ಓದಬಲ್ಲವರು ಇಲ್ಲಿ ಇನ್ನೊಬ್ಬರಿಲ್ಲ. ಹಾಗೆಂದುಕೊಂಡೇ ನೀರು ಕುಡಿಯಲು ಹೊರಗೆ ಬಂದಳು. ಅಕ್ಕ ತನ್ನ ಕಪಾಟು ಖಾಲಿ ಮಾಡುತ್ತಿದ್ದಳು.

"ನಂದೇ ತಪ್ಪು ಕಣೆ," ಎಂದಳು ಅಕ್ಕ. "ಕಣ್ಣು ಮಂಜಾಗ್ತಿದೆಯೋ, ಬುದ್ಧಿಗೇ ಏನಾದ್ರೂ ಆಗ್ತಿದೆಯೋ. ಬಿಡು, ವಯಸ್ಸಾಯ್ತು."

ಹುಡುಗಿ ನೀರಿನ ಲೋಟ ಅಲ್ಲೇ ಇಟ್ಟಳು. ಅಕ್ಕನ ಕೈ ಹಿಡಿದು ಡಾಕ್ಟರ ಕೋಣೆಗೆ ಎಳೆದುಕೊಂಡೇ ಹೋದಳು.

"ಸಾರ್, ತಪ್ಪು ಅಕ್ಕಂದಲ್ಲ, ನಂದು. ಇಬ್ಬರಿಗೂ ಒಂದೇ ನಂಬರು ಕೊಟ್ಟಿದ್ದು ನನ್ನ ಪ್ರೋಗ್ರಾಮು. ಇವತ್ತೇ ಅದನ್ನ ಎರಡು ಸಲ ಬರಲಾರದಂಥ ಮೂವತ್ತಾರು ಅಕ್ಷರದ ಉದ್ದ ಗುರುತಿಗೆ ಬದಲಾಯಿಸ್ತೀನಿ. ಆಮೇಲೆ ನೀವು ಹೋಗು ಅಂದ್ರೆ ಹೋಗ್ತೀನಿ."

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಿನ್ನ ವಿಷಯ ಸಂಜೆ ಮಾತಾಡೋಣ. ಮೊದಲು ಇನ್ಯಾರಿಗೆ ಹೀಗಾಗಿದೆ ನೋಡು." ಅಕ್ಕನ ಕಡೆ ತಿರುಗಿದಾಗ ಅವರ ದನಿ ಸಣ್ಣದಾಯಿತು. "ನಮ್ಮಿಂದ ದೊಡ್ಡ ತಪ್ಪಾಯ್ತಮ್ಮ. ನೀವು ಎಲ್ಲೂ ಹೋಗ್ಬೇಡಿ."

ಅಕ್ಕನಿಗೆ ಅದೊಂದೂ ಕೇಳಿಸಿದಂತಿರಲಿಲ್ಲ. ಹುಡುಗಿಯ ತೋಳು ಹಿಡಿದು ಕೇಳಿದಳು, "ಹಾಗಾದ್ರೆ ನನಗೇನೂ ಆಗಿಲ್ವಾ?"

"ಏನೂ ಆಗಿಲ್ಲ ಅಕ್ಕ."

ಅಕ್ಕ ಅಲ್ಲೇ ಕುರ್ಚಿಯ ಮೇಲೆ ಕುಸಿದು ಗಳಗಳನೆ ಅತ್ತುಬಿಟ್ಟಳು. "ಮೂರು ದಿನದಿಂದ ಮೊಮ್ಮಗೂನ ಎತ್ಕೊಂಡಿಲ್ಲ ಕಣೆ, ಎಲ್ಲಿ ಕೈಜಾರಿ ಬೀಳಿಸ್ತೀನೋ ಅಂತ."